ಕಂಬಳಿಯ ಮೇಲೆ ಹೇಳದ ಮಾತು

ಐವತ್ತು ಸಮೀಪಿಸಿದ ಗಂಡಸಿಗೆ ಬರಬಹುದಾದ ಕಾಯಿಲೆಗಳಲ್ಲಿ ಎಂ.ಎ. ಎಂಬುದನ್ನು ಯಾವ ವೈದ್ಯರೂ ಸೇರಿಸಿಲ್ಲ. ನನಗೆ ತಗುಲಿದ್ದು ಅದೇ. ಹೊಸದುರ್ಗದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡು, ಸಂಜೆ ತೋಟದಲ್ಲಿ ಬಿದ್ದ ಕಾಯಿ ಆರಿಸಿಕೊಂಡು ಇರಬಹುದಾಗಿದ್ದ ನಾನು, ಆರ್ಥಿಕ ಇತಿಹಾಸ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಸ್ನಾತಕೋತ್ತರ ಪದವಿಗೆ ದೂರಶಿಕ್ಷಣದಲ್ಲಿ ಸೇರಿಕೊಂಡೆ. ಕೂತಲ್ಲಿ ಕೂರಲಾರದ ಸ್ವಭಾವ ನನ್ನದು. ಓದಿಗೆ ಬಿದ್ದರೆ ಒಂದು ಕಡೆ ಕೂರುತ್ತೇನೆ ಅಂದುಕೊಂಡೆ. ಆದದ್ದು ಉಲ್ಟಾ: ಮೊದಲು ಮನೆಯೊಳಗೆ ಮಾತ್ರ ಅಡ್ಡಾಡುತ್ತಿದ್ದವನು ಈಗ ನಾಲ್ಕು ತಾಲ್ಲೂಕುಗಳಲ್ಲಿ ಅಡ್ಡಾಡತೊಡಗಿದೆ.

"ಎದುರುಮನೆಯೋರ ಹತ್ರ ಮಾತು ಬಿಟ್ಟು ವರ್ಷ ಆತು. ಇವರು ದೇಶದೇಶದ ಸಂಬಂಧ ಓದ್ತಾರಂತೆ," ಎಂದು ನನ್ನ ಹೆಂಡತಿ ಒಲೆಗೆ ಹೇಳಿದಳು. ನನಗೆ ಹೇಳಬೇಕಾದ್ದನ್ನೆಲ್ಲ ಆಕೆ ಒಲೆಗೇ ಹೇಳುವುದು. ಅದಕ್ಕೆ ರಾಜತಾಂತ್ರಿಕತೆ ಎನ್ನುತ್ತಾರೆಂದು ಎರಡನೇ ಸೆಮಿಸ್ಟರಿನಲ್ಲಿ ತಿಳಿಯಿತು.

ಪರೀಕ್ಷೆಗಳನ್ನು ಹೇಗೋ ದಾಟಿದೆ. ಉಳಿದದ್ದು ಪ್ರಬಂಧ. ಪದವಿಗೆ ಕೊಟ್ಟ ಅವಧಿಯೊಳಗೆ ಅದು ಒಪ್ಪಿಗೆಯಾಗದಿದ್ದರೆ ನೋಂದಣಿಯೇ ರದ್ದಾಗಿ, ಅಷ್ಟೂ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ದೂರದ ಯುದ್ಧಗಳು ನಮ್ಮ ಸೀಮೆಯ ಕಂಬಳಿ ನೇಯ್ಗೆಯನ್ನು ಹೇಗೆ ಬದಲಿಸಿದವು ಎಂಬುದು ನಾನು ಘನಗಂಭೀರವಾಗಿ ಆರಿಸಿಕೊಂಡ ವಿಷಯ. ಮಾರ್ಗದರ್ಶಕರು ಹಿರಿಯೂರಿನಲ್ಲಿರುವ ಒಬ್ಬ ನಿವೃತ್ತ ಪ್ರಾಧ್ಯಾಪಕಿ. ಕರಡು ಓದಿ, ಕನ್ನಡಕ ತೆಗೆದು, "ಪುಸ್ತಕದಿಂದ ಎತ್ತಿದ್ದು ಸಾಕು ಮೇಷ್ಟ್ರೆ. ಮನುಷ್ಯರ ಬಾಯಿಂದ ಕೇಳಿದ ಸಾಕ್ಷಿ ಒಂದಾದ್ರೂ ಬೇಕು. ಇಲ್ಲದಿದ್ರೆ ನಾನು ಸಹಿ ಹಾಕಲ್ಲ," ಎಂದರು.

ಸಾಕ್ಷಿ ಹುಡುಕಿಕೊಂಡು ಹಿರಿಯೂರಿನ ಹಳ್ಳಿಗಳನ್ನು ಸುತ್ತಿದೆ, ಹೊಳಲ್ಕೆರೆಯ ಕಡೆ ಹೋದೆ. ಗೊತ್ತಿದ್ದವರು ತೀರಿಕೊಂಡಿದ್ದರು. ಇದ್ದವರಿಗೆ ಕಂಬಳಿಗಿಂತ ಮೊಮ್ಮಕ್ಕಳ ಮದುವೆಯ ವಿಷಯ ಮುಖ್ಯವಾಗಿತ್ತು. ರಾತ್ರಿ ನಿದ್ದೆಯಿಲ್ಲ, ಹಗಲು ಬಸ್ಸಿನಲ್ಲಿ ತೂಕಡಿಕೆ. ಕೊನೆಗೆ ಸಹೋದ್ಯೋಗಿಯೊಬ್ಬರು ಬಿ.ದುರ್ಗದಲ್ಲಿರುವ ತಮ್ಮ ಅಜ್ಜನ ನಂಬರು ಕೊಟ್ಟರು. ಕುರಿ ಕಾಯ್ದು, ಉಣ್ಣೆ ನೂತು ಬೆಳೆದ ಮನೆ.

"ನಮ್ಮಪ್ಪ ನೇಯ್ದ ಕಂಬಳಿ ಹೊದ್ಕಂಡೇ ಮಿಲ್ಟ್ರಿಯೋರು ಮಹಾಯುದ್ಧ ಗೆದ್ದಿದ್ದು," ಎಂದಿತು ಫೋನಿನಲ್ಲಿ ಅಜ್ಜನ ಧ್ವನಿ. "ಬರ್ರಿ ಮೇಷ್ಟ್ರೆ, ಎಲ್ಲಾ ಹೇಳ್ತೀನಿ."

ಅರ್ಧ ಪದವಿ ಕೈಗೆ ಬಂತೆಂದು ಮರುದಿನವೇ ಹೊರಟೆ.

ಅಜ್ಜ ಜಗಲಿಯ ಹಗ್ಗದ ಮಂಚದ ಮೇಲೆ ಕೂತಿದ್ದರು. ನನ್ನನ್ನು ಕಂಡು ಕಾಲು ಮಡಚಿ ಜಾಗ ಮಾಡಿದರು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ಇತಿಹಾಸದ ಸಾಕ್ಷಿಯನ್ನು ಹಗ್ಗದ ಮಂಚದಲ್ಲಿ ಕೂರಿಸುವುದು ನನಗೆ ಸರಿಯೆನಿಸಲಿಲ್ಲ. ಗೋಡೆಯ ಬದಿಗೆ ಮಡಚಿಟ್ಟಿದ್ದ ಕರಿ ಕಂಬಳಿಯನ್ನು ಎತ್ತಿ, ಜಗಲಿಯ ನಡುವೆ ನಾನೇ ಹಾಸಿ, "ಇಲ್ಲಿ ಬರ್ರಿ ಅಜ್ಜ, ಕುಂತ್ಕಳ್ರಿ," ಎಂದೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಕಂಬಳಿ ಹಾಸುವುದೆಂದರೆ ಮರ್ಯಾದೆ, ಅಷ್ಟೇ.

ನೀರು ತಂದ ಸೊಸೆ ಚೊಂಬು ಹಿಡಿದು ಹಾಗೇ ನಿಂತಳು. "ಅಯ್ಯೋ, ಗದ್ದಿಗೆ ಹಾಸ್ಬಿಟ್ರಲ್ಲ ಮೇಷ್ಟ್ರೆ!"

ಆಮೇಲೆ ತಿಳಿಯಿತು. ಅವರಲ್ಲಿ ಕರಿ ಕಂಬಳಿ ಹಾಸಿ ಹಿರಿಯರನ್ನು ಕರೆದರೆ ಅದು ಗದ್ದಿಗೆ. ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ಮಾತು ಮುಗಿಯದೆ ಅದನ್ನು ಮಡಚುವಂತೆಯೂ ಇಲ್ಲ. ಅಜ್ಜ ತಲೆಗೆ ಟವೆಲು ಸುತ್ತಿ, ಚಪ್ಪಲಿ ದೂರ ಬಿಟ್ಟು, ಕಂಬಳಿಗೆ ಕೈಮುಗಿದು ಕೂತರು. ಅವರ ಮುಖ ನೋಡಿ ನಾನೂ ಚಪ್ಪಲಿ ಬಿಟ್ಟೆ. ಮೊಬೈಲಿನ ರೆಕಾರ್ಡರು ಒತ್ತಿ ಕೇಳಿದೆ:

"ನಿಮ್ಮಪ್ಪಾರ ಕಂಬಳಿ ಯುದ್ಧಕ್ಕೆ ಹೋಗಿದ್ದು ಹೇಳ್ರಿ ಅಜ್ಜ."

ಅಜ್ಜ ಬಹಳ ಹೊತ್ತು ಬೀದಿ ನೋಡಿದರು.

"ನಮ್ಮಪ್ಪ ಕಂಬಳಿ ನೇಯ್ತಿದ್ದ. ಇದು ಖರೆ."

"ಆಮೇಲೆ?"

"ಯಾರೋ ಬಂದು ತಗಂಡು ಹೋಗ್ತಿದ್ರು. ಇದೂ ಖರೆ."

"ಮಿಲ್ಟ್ರಿಯೋರಾ?"

"ನಾನು ಸಣ್ಣ ಹುಡ್ಗ ಕಣ್ರಿ ಆವಾಗ. ಅವರು ಮಿಲ್ಟ್ರಿಯೋರೋ ಸಂತೆಯೋರೋ ನಂಗೇನು ಗೊತ್ತು?"

"ಫೋನ್‌ನಾಗೆ ಹೇಳಿದ್ರಲ್ಲ ಅಜ್ಜ!"

"ಫೋನು ಕಂಬಳಿ ಮ್ಯಾಲೆ ಇರ್ಲಿಲ್ಲ," ಎಂದರು ಅಜ್ಜ, ನ್ಯಾಯಾಧೀಶರ ಗಾಂಭೀರ್ಯದಿಂದ. "ಮಂಚದ ಮ್ಯಾಲೆ ಕೇಳಿದ್ರೆ ಹೇಳ್ತಿದ್ದೆ. ಗದ್ದಿಗೆ ಹಾಸಿದ್ದು ನೀವೇ ಅಲ್ಲೇನ್ರಿ?"

ಮಾತು ಮುಗಿಯಿತೆಂದು ಕಂಬಳಿ ಮಡಚಿದರು. ನನ್ನ ಪದವಿಯೂ ಅದರೊಳಗೇ ಮಡಚಿಕೊಂಡಿತು. ನನ್ನ ಮುಖ ಕಂಡು ಅವರಿಗೇ ಪಾಪ ಅನ್ನಿಸಿರಬೇಕು. ಮಂಚದ ಮೇಲೆ ಹೋಗಿ ಕೂತು, "ಈಗ ಕೇಳ್ರಿ," ಎಂದರು. ಕೇಳಿದೆ. ಅಪ್ಪನ ಕಂಬಳಿ ಹೊಳಲ್ಕೆರೆಯಲ್ಲಿ ರೈಲು ಹತ್ತಿತು, ಹಡಗು ಹತ್ತಿತು, ಬರ್ಮಾ ಕಾಡಿನಲ್ಲಿ ಮಳೆ ತಡೆಯಿತು. ಒಬ್ಬ ದೊರೆ ಅದನ್ನು ಹೊದ್ದು ಅತ್ತನಂತೆ. ಅದ್ಭುತವಾದ ಸಾಕ್ಷಿ.

ಬಸ್ಸಿನಲ್ಲಿ ಎರಡು ರೆಕಾರ್ಡಿಂಗನ್ನೂ ಕೇಳಿದೆ. ಒಂದು ಗದ್ದಿಗೆಯದು, ಇನ್ನೊಂದು ಮಂಚದ್ದು. ಕಿಟಕಿ ಪಕ್ಕದಿಂದ ಎದ್ದು ಹಿಂದಿನ ಸೀಟಿಗೆ ಹೋದೆ, ಅಲ್ಲಿಂದ ಬಾಗಿಲಿಗೆ ಬಂದೆ. "ಏನಪ್ಪ, ಮೂಲವ್ಯಾಧಿಯಾ?" ಎಂದ ಕಂಡಕ್ಟರ್. ವಾರವಿಡೀ ಹಾಗೇ ಒದ್ದಾಡಿ, ಕಡೆಗೆ ಎರಡನ್ನೂ ಬರೆದೆ. ಯಾವುದನ್ನು ಎಲ್ಲಿ ಕೂತು ಹೇಳಿದರು ಎಂಬುದನ್ನೂ ಬರೆದೆ.

ಪ್ರಾಧ್ಯಾಪಕಿ ಓದಿ ನಿಟ್ಟುಸಿರಿಟ್ಟರು. "ಮಂಚದ ಮಾತು ಇಟ್ಕೊಳ್ಳಿ, ಕಂಬಳಿ ಮಾತು ತೆಗೀರಿ. ಇದ್ದ ಒಬ್ಬ ಸಾಕ್ಷೀನ ನೀವೇ ಕೆಡಿಸಿದ್ದೀರಿ. ಎಕ್ಸಾಮಿನರು ಬಿಡ್ತಾರಾ?"

ತೆಗೆಯಲು ಕೂತೆ, ಆಗಲಿಲ್ಲ. ಟವೆಲು ಸುತ್ತಿಕೊಂಡು ಬೀದಿ ನೋಡುತ್ತ ಕೂತ ಆ ಮುಖ ಅಡ್ಡ ಬರುತ್ತಿತ್ತು. ಇಷ್ಟು ಕಷ್ಟಪಟ್ಟು ಸುಳ್ಳು ಹೇಳದೆ ಉಳಿದವರನ್ನು ನಾನು ಬೇರೆ ಕಂಡಿರಲಿಲ್ಲ. ಹಾಗೆಂದು ಪ್ರಾಧ್ಯಾಪಕಿಗೆ ಹೇಳಿದೆ. ಅವರು ಗೊಣಗುತ್ತಲೇ ಸಹಿ ಹಾಕಿದರು.

ಮೌಖಿಕ ಪರೀಕ್ಷೆ ಚಿತ್ರದುರ್ಗದಲ್ಲಿ. ಹೊರಡುವಾಗ ಹೆಂಡತಿ ಒಲೆಗೆ, "ಅಲ್ಲಾದ್ರೂ ಇವರು ಏನೂ ಹಾಸದಿದ್ರೆ ಸಾಕು," ಎಂದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಅಧ್ಯಾಯವನ್ನೇ ತೆರೆದಿಟ್ಟುಕೊಂಡಿದ್ದರು.

"ಕೊನೆಗೆ ಕಂಬಳಿ ಯುದ್ಧಕ್ಕೆ ಹೋಯ್ತೋ ಇಲ್ವೋ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅನ್ನೋಕೆ ಇಷ್ಟು ಪುಟ ಬೇಕಿತ್ತಾ?"

"ಪುಟ ಇಷ್ಟಿರಬೇಕು ಅಂತ ನಿಯಮ ಇದೆ ಸಾರ್."

ಅವರು ನಗಲಿಲ್ಲ, ಗದರಲೂ ಇಲ್ಲ. ಏನೋ ಬರೆದುಕೊಂಡು, "ಫಲಿತಾಂಶ ಆಮೇಲೆ ತಿಳಿಸ್ತಾರೆ," ಎಂದು ಕಳಿಸಿದರು.

ಹೊಸದುರ್ಗದ ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ನಾನು ಕಂಬಿ ಹಿಡಿದು ನಿಂತಿದ್ದೆ. ಬಿ.ದುರ್ಗದಿಂದ ಫೋನು ಬಂತು.

"ಪಾಸಾದ್ರಾ ಮೇಷ್ಟ್ರೆ?"

"ಇನ್ನೂ ಗೊತ್ತಿಲ್ಲ ಅಜ್ಜ."

"ಈಗೆಲ್ಲಿ ಕುಂತೀರಿ?"

"ಕುಂತಿಲ್ಲ. ಬಸ್‌ನಾಗೆ ನಿಂತೀನಿ."

"ಹಂಗಾರೆ ಏನಡ್ಡಿ?" ಎಂದರು ಅಜ್ಜ. "ಪಾಸು ಅಂತ್ಲೇ ಹೇಳ್ರಿ."