ಕಿರುಬೆರಳ ಕಡೆಯ ಪಿಸುಮಾತು

ಬೆಳಗು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಪ್ರಯೋಗಾಲಯದ ಕಿಟಕಿಯಿಲ್ಲದ ಕೋಣೆಯಲ್ಲಿ ಮೊಟ್ಟೆಯಕ್ಕ ದೀಪ ಆರಿಸುತ್ತಾರೆ. ಕಾವುಪೆಟ್ಟಿಗೆಯಿಂದ ಕೋಳಿಮೊಟ್ಟೆಯೊಂದನ್ನು ತೆಗೆದು ಟಾರ್ಚಿನ ಬಾಯಿಗೆ ಹಿಡಿಯುತ್ತಾರೆ. ಚಿಪ್ಪು ಕೆಂಡದಂತೆ ಹೊತ್ತಿಕೊಳ್ಳುತ್ತದೆ. ಒಳಗೆ ಜೇಡರ ಬಲೆಯಂಥ ನೆತ್ತರಿನ ಎಳೆಗಳು. ನಡುವೆ ಏನೋ ಮಿಸುಕುತ್ತದೆ.

"ಎದ್ದಿದೀಯೇನೋ ಕಳ್ಳಾ?"

ಇಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಹಾಗಂತ ನಿಯಮವೇನಿಲ್ಲ, ಬಾಯಿಯೇ ಬರುವುದಿಲ್ಲ.

ಜೀವ ಹಿಡಿದ ಮೊಟ್ಟೆ ಆರಿಸಿ, ಚಿಪ್ಪಿನಲ್ಲೊಂದು ಪುಟ್ಟ ಕಿಂಡಿ ಕೊರೆದು ಕೊಡುವುದು, ಆಮೇಲೆ ಟೇಪು ಅಂಟಿಸಿ ಮತ್ತೆ ಕಾವಿಗಿಡುವುದು ಅಕ್ಕನ ಕೆಲಸ. ನಡುವಿನದೆಲ್ಲ ಸಂಶೋಧಕಿ ಡಾಕ್ಟರಮ್ಮನದು. ಮೊಳೆಯುವ ರೆಕ್ಕೆಯ ಹಿಂದಂಚಿನಲ್ಲಿ ಚಿಟಿಕೆಯಷ್ಟು ಜೀವಕೋಶಗಳು ಒಂದು ಪ್ರೋಟೀನನ್ನು ಒಸರುತ್ತವೆ. ಹತ್ತಿರ ದಟ್ಟ, ದೂರ ಹೋದಂತೆ ತೆಳು. ಎಲ್ಲಿ ಯಾವ ಬೆರಳು ಎಂಬುದಕ್ಕೆ ಅದೇ ಸುಳಿವು. ನಮ್ಮ ಕೈಯಲ್ಲೂ ಹಾಗೆಯೇ, ಕಿರುಬೆರಳ ಕಡೆಯಿಂದ.

"ಪಿಸುಮಾತು ಇದ್ದಂಗೆ," ಎಂದು ಅಕ್ಕ ಕೈ ಚಾಚುತ್ತಾರೆ. "ಪಕ್ಕದಲ್ಲಿದ್ದೋನು ಪೂರ್ತಿ ಕೇಳಿಸ್ಕೊಂಡು ಕಿರುಬೆರಳಾದ. ಈ ಪುಣ್ಯಾತ್ಮನಿಗೆ ಕೇಳಿಸ್ಲೇ ಇಲ್ಲ, ಹೆಬ್ಬೆರಳಾಗಿ ಕೂತ."

ಡಾಕ್ಟರಮ್ಮ ಅಂಥದೇ ಜೀವಕೋಶಗಳ ಚೂರೊಂದನ್ನು ಇನ್ನೊಂದು ಮೊಟ್ಟೆಯಿಂದ ತೆಗೆದು ರೆಕ್ಕೆಯ ಎದುರಂಚಿಗೂ ಕೂರಿಸುತ್ತಾರೆ. ಈಗ ಎರಡೂ ಕಡೆಯಿಂದ ಪಿಸುಮಾತು. ಕೆಲವು ದಿನ ಬಿಟ್ಟು ತೆರೆದರೆ, ರೆಕ್ಕೆಯ ಬೆರಳುಗಳು ನಡುವೆ ಕನ್ನಡಿ ಇಟ್ಟಂತೆ ಇಮ್ಮಡಿ. ಸೊಟ್ಟಲ್ಲ, ವಕ್ರವಲ್ಲ, ಬಲು ಅಚ್ಚುಕಟ್ಟು. ಮೈ ಜುಮ್ಮೆನ್ನುವುದೇ ಅದಕ್ಕೆ.

ಕಸ ಗುಡಿಸಲು ಬಂದ ಅಕ್ಕನನ್ನು 'ಮೊಟ್ಟೆ ಒಡೆಯದ ಕೈ' ಎಂದು ಇಲ್ಲಿ ಉಳಿಸಿಕೊಂಡರು. ಆ ಕೈ ಈಗ ಮಗಳಿಗೆ ಬೇಡವಾಗಿದೆ.

ಹೋದ ತಿಂಗಳು ತುಂಬು ಬಸುರಿ ಮಗಳು ಮಧ್ಯಾಹ್ನ ಪರದೆ ಎಳೆದು ಮಲಗಿದ್ದಳು. ಮಂಚದಡಿ ಬಿದ್ದ ಸೂಜಿ ಹುಡುಕಲು ಅಮ್ಮ ಟಾರ್ಚು ಹಿಡಿದು ಹೋದರು. ಕತ್ತಲ ಕೋಣೆ, ದುಂಡಗಿನ ಹೊಟ್ಟೆ. ಮಗಳು ಕಣ್ಣುಬಿಟ್ಟಾಗ ಅಮ್ಮ ಅವಳ ಹೊಟ್ಟೆಗೆ ಬೆಳಕು ಒತ್ತಿ, ಉಸಿರು ಹಿಡಿದು ಬಗ್ಗಿ ನೋಡುತ್ತಿದ್ದರು.

"'ನಾನೇನು ನಿನ್ನ ಮೊಟ್ಟೆಯೇನಮ್ಮಾ!' ಅಂತ ಕಿರುಚಿದ್ಲು. ನನಗೇ ಗೊತ್ತಾಗ್ಲಿಲ್ಲ ರೀ. ಕೈಗೆ ರೂಢಿ," ಎನ್ನುತ್ತಾರೆ ಅಕ್ಕ.

ಓಡಿಬಂದ ಅಳಿಯ ನಕ್ಕುಬಿಟ್ಟ: "ಏನತ್ತೆ, ಮರಿ ಕ್ಷೇಮವಾ?" ಮಗಳು ನಗಲಿಲ್ಲ. "ಮಗು ಹುಟ್ಟಿದ ಮೇಲೂ ಆ ಕೈಲಿ ಮುಟ್ಬೇಡ," ಎಂದಳು.

ಈಗಷ್ಟೇ ಅಳಿಯನ ಫೋನು: ನೋವು ಶುರುವಾಗಿದೆ, ಆಸ್ಪತ್ರೆಗೆ ಬಂದಿದ್ದೇವೆ.

"ಹೊರಡಿ ಅಕ್ಕಾ, ಇವನ್ನ ನಾನು ನೋಡ್ಕೋತೀನಿ," ಎನ್ನುತ್ತಾರೆ ಡಾಕ್ಟರಮ್ಮ. ಅಕ್ಕ ಕೈ ತೊಳೆಯುತ್ತಾರೆ. ಒರೆಸಿಕೊಂಡು, ಮತ್ತೆ ತೊಳೆಯುತ್ತಾರೆ.

"ಒಂದ್ಸಲ ಮಗೂನ ನನ್ನ ಕೈಗೆ ಕೊಟ್ರೆ ಸಾಕು. ಬೆರಳು ಎಣಿಸಲ್ಲ, ನನ್ನಾಣೆ. ಬೇಕಿದ್ರೆ ಕಣ್ಮುಚ್ಕೊಂಡೇ ಎತ್ಕೋತೀನಿ."