ಚೇತಿಯಾ ಅಂಕಲ್ ಕಳಿಸಿದ ನಾಲ್ಕು ಖಾಲಿ ಹಾಳೆ

ಹೊಗಳಿದರೆ ನಾನು ಪೂರಿಯ ಹಾಗೆ ಉಬ್ಬುತ್ತೇನೆ. ಮುಚ್ಚಿಟ್ಟು ಏನು ಪ್ರಯೋಜನ? ಆಕ್ಲೆಂಡಿನ ಬಾಟನಿ ಡೌನ್ಸಿನಲ್ಲಿ ನಮ್ಮದೊಂದು ಡೈರಿ ಇತ್ತು. ಡೈರಿ ಅಂದಕೂಡಲೇ ಎಮ್ಮೆ ಹುಡುಕಬೇಡಿ. ಈ ದೇಶದಲ್ಲಿ ಮೂಲೆ ಅಂಗಡಿಗೆ ಹಾಗನ್ನುತ್ತಾರೆ. ಅಲ್ಲಿ ಯಾರಾದರೂ "ನಿಮ್ಮ ಸಮೋಸ ಚೆನ್ನಾಗಿದೆ" ಅಂದರೆ ಸಾಕು, ಇನ್ನೊಂದನ್ನು ಸುಮ್ಮನೆ ಕೈಗಿಟ್ಟುಬಿಡುತ್ತಿದ್ದೆ. ನಮ್ಮ ಯಜಮಾನರು ಇದನ್ನು ವ್ಯಾಪಾರ ಅಂತ ಯಾವತ್ತೂ ಒಪ್ಪಲಿಲ್ಲ.

ಇಂಥವಳ ಪಾಲಿಗೆ ಅಲ್ಲಾಹ್ ಕಳಿಸಿದ ಗಿರಾಕಿ ಚೇತಿಯಾ ಅಂಕಲ್. ಅಸ್ಸಾಮಿನ ಜೋರ್ಹಾಟಿನವರು, ಎಪ್ಪತ್ತು ದಾಟಿದ ನಿವೃತ್ತ ಮೇಷ್ಟರು, ಮಗಳ ಮನೆಗೆ ಬಂದಿದ್ದರು. ಕಥೆ ಕಾದಂಬರಿ ಬರೆದವರೇ, ಆದರೆ ಹೆಸರು ಮಾಡಿದ್ದು ವಿಮರ್ಶೆಯಲ್ಲಿ. ತಮ್ಮದೇ ಮೊದಲ ಕಾದಂಬರಿಯನ್ನು ಬೇರೆ ಹೆಸರಿನಲ್ಲಿ ವಿಮರ್ಶೆ ಮಾಡಿದರಂತೆ. ಪೆಟ್ಟು ಎಷ್ಟು ಬಲವಾಗಿ ಬಿತ್ತೆಂದರೆ ಎರಡನೇ ಕಾದಂಬರಿ ಹುಟ್ಟಲೇ ಇಲ್ಲ. ನನ್ನ ಟೀ ಬ್ಯಾಗ್ ಚಹಾ ಕುಡಿದ ಮೊದಲ ದಿನ ಅವರು ಹೇಳಿದ್ದು: "ಬೇಟಿ, ಇದು ಚಹಾ ಅಲ್ಲ, ಚಹಾದ ಬಗ್ಗೆ ಯಾರೋ ಹಬ್ಬಿಸಿದ ಸುದ್ದಿ." ಗೋಡೆಯ ಮೇಲೆ ಪಕ್ಕದ ಬೀದಿಯವರು ಬೆಕ್ಕು ಕಳೆದಿದೆ ಅಂತ ಚೀಟಿ ಅಂಟಿಸಿದ್ದರೆ, ಅದರ ಕೆಳಗೂ ಪೆನ್ಸಿಲಿನಲ್ಲಿ ಒಂದು ಸಾಲು: "ಬೆಕ್ಕಿನ ಸ್ವಭಾವ ಸರಿಯಾಗಿ ಮೂಡಿಬಂದಿಲ್ಲ."

ಅರಸೀಕೆರೆಯ ಕಾಲೇಜಿನಲ್ಲಿ ನಮ್ಮ ಕನ್ನಡ ಮೇಷ್ಟರು 'ಸಹೃದಯ' ಅನ್ನುವವನ ಬಗ್ಗೆ ಎರಡು ವಾರ ಪಾಠ ಮಾಡಿದ್ದರು. ಕವಿಯ ಹೃದಯಕ್ಕೆ ಸರಿಸಮನಾದ ಹೃದಯ ಉಳ್ಳ ಓದುಗ. ನನ್ನ ಕಣ್ಣಿಗೆ ಕಟ್ಟಿದ್ದು ಮುಂದಿನ ಸಾಲಿನಲ್ಲಿ ಕೂತು ಎಲ್ಲದಕ್ಕೂ ತಲೆದೂಗುವ ಒಬ್ಬ ದುಂಡಗಿನ ಮುದುಕ. ಚೇತಿಯಾ ಅಂಕಲ್ಲೋ ಕಡ್ಡಿಯಂತಿದ್ದರು. ಹೆಗಲ ಮೇಲೆ ಕೆಂಪು ಅಂಚಿನ ಬಿಳಿ ಗಮೋಸಾ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ತಲೆ ಆಡುತ್ತಿತ್ತು, ಆದರೆ ಅಡ್ಡಡ್ಡವಾಗಿ.

ಅವರು ಗುವಾಹಟಿಯ ಪತ್ರಿಕೆಯೊಂದಕ್ಕೆ ವಾರಕ್ಕೊಂದು ಪುಸ್ತಕ ವಿಮರ್ಶೆಯ ಅಂಕಣ ಬರೆಯುತ್ತಿದ್ದರು. ಮುಂದಿನ ವಾರ ಯಾವ ಪುಸ್ತಕ ಅನ್ನುವುದನ್ನು ಸಂಪಾದಕರಿಗೆ ಮೊದಲೇ ತಿಳಿಸಿಬಿಡುತ್ತಿದ್ದರು. ಕಂಪ್ಯೂಟರ್ ಅಂದರೆ ಆಗದು. ಹಾಗಾಗಿ ಪ್ರತಿ ಶುಕ್ರವಾರ ಕೈಬರಹದ ನಾಲ್ಕು ಹಾಳೆ ನಮ್ಮ ಅಂಗಡಿಯ ಫ್ಯಾಕ್ಸಿನಿಂದ ಹೋಗಬೇಕು. ಆ ಲಿಪಿ ನನಗೆ ಒಂದಕ್ಷರ ತಿಳಿಯದಿದ್ದರೂ ಅಸ್ಸಾಮಿ ಸಾಹಿತ್ಯಕ್ಕೆ ನನ್ನ ಸೇವೆಯೂ ಇದೆ ಅಂತ ಒಳಗೊಳಗೇ ಬೀಗುತ್ತಿದ್ದೆ. ಜಂಭಕ್ಕೆ ಮದ್ದು ಬೇಡವೇ? ಆ ವಾರ ಹಳೆಯ ಯಂತ್ರ ಕೆಟ್ಟು ಹೊಸದು ಬಂದಿತ್ತು. ಹಳೆಯದಕ್ಕೆ ಅಕ್ಷರ ಮೇಲೆ ಬರುವಂತೆ ಹಾಳೆ ಇಡಬೇಕಿತ್ತು, ಹೊಸದಕ್ಕೆ ಕೆಳಗೆ. ನಾನು ಅಭ್ಯಾಸಬಲದಿಂದ ಇಟ್ಟೆ. ಗುವಾಹಟಿಗೆ ಹೋದದ್ದು ನಾಲ್ಕು ಹಾಳೆಗಳ ಬೆನ್ನು!

ಸೋಮವಾರ ಸಂಪಾದಕರ ಫ್ಯಾಕ್ಸ್ ಬಂತು, ಇಂಗ್ಲಿಷಿನಲ್ಲಿ. ಕೊನೆಗೂ ತಪ್ಪಿಲ್ಲದ ಕಾದಂಬರಿಯೊಂದು ತಮಗೆ ಸಿಕ್ಕಿತಲ್ಲ, ಇದಕ್ಕಿಂತ ದೊಡ್ಡ ಪ್ರಶಂಸೆ ಉಂಟೇ, ತಮ್ಮ ಮೌನವನ್ನು ಹಾಗೇ ಅಚ್ಚು ಹಾಕಿದ್ದೇವೆ ಅಂತ. ಜೊತೆಗೆ ಅಚ್ಚಾದ ಪುಟದ ಪ್ರತಿ: ಪುಸ್ತಕದ ಹೆಸರು, ಅಂಕಲ್ ಹೆಸರು, ನಡುವೆ ಬರೀ ಬಿಳಿ ಜಾಗ. ಜೋರ್ಹಾಟಿನಲ್ಲಿ ಲೇಖಕರ ಕಡೆಯವರು ಸಿಹಿ ಹಂಚುತ್ತಿದ್ದಾರಂತೆ. ನಾನು ಓಡಿಹೋಗಿ ಹೊಸ ಯಂತ್ರದ ಕೈಪಿಡಿ ಬಿಡಿಸಿ ನೋಡಿದೆ.

ಅಂಕಲ್ ಬಂದೊಡನೆ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ಹಾಲಿನ ಕ್ರೇಟಿನ ಮೇಲೆ ಕೂತು ಮೆಲ್ಲಗೆ ಹೇಳಿದರು. ಕಾದಂಬರಿ ಬರೆದವರು ಜಿತೇನ್, ಅವರ ಬಾಲ್ಯದ ಗೆಳೆಯ. ಹೆಂಡತಿ ತೀರಿಕೊಂಡ ಮೇಲೆ ಬರೆದ ಮೊದಲ ಪುಸ್ತಕ ಇದು. "ಹೆಂಡತಿ ಸಾಯುವ ಅಧ್ಯಾಯ ಚೆನ್ನಾಗಿದೆ. ಆದರೆ ಅವಳ ಜೊತೆ ಉಳಿದ ಪಾತ್ರಗಳನ್ನೂ ಸಾಯಿಸಿಬಿಟ್ಟಿದ್ದಾನೆ. ಅದನ್ನೇ ಬರೆದಿದ್ದೆ."

"ಅಯ್ಯೋ, ಬಿಟ್ಟುಬಿಡಿ ಅಂಕಲ್. ಪಾಪ, ಖುಷಿಯಾಗಿರಲಿ," ಅಂದೆ. ಕರುಣೆಯ ಜೊತೆಗೆ ನನ್ನ ತಪ್ಪೂ ಪುಣ್ಯದ ಲೆಕ್ಕಕ್ಕೆ ಹೋಗಲಿ ಅನ್ನುವ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಅವರಿಗೂ ಬಿಟ್ಟುಬಿಡುವ ಆಸೆಯಿತ್ತು. ಗಮೋಸಾದ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಪುಟ್ಟ ಮಕ್ಕಳು ಐಸ್‌ಕ್ರೀಮಿಗೆ ಬಂದು ಹೋದರು. ಕೊನೆಗೆ ಎದ್ದು ನಿಂತರು. "ನಲವತ್ತು ವರ್ಷ ಅವನ ಬರಹದ ಬಗ್ಗೆ ಸುಳ್ಳು ಹೇಳಿಲ್ಲ ಬೇಟಿ. ಈಗ ಹೇಳಿದರೆ, ಹಿಂದೆ ಎಲ್ಲೋ ಒಂದೆರಡು ಸಲ ಚೆನ್ನಾಗಿದೆ ಅಂದಿದ್ದೀನಲ್ಲ, ಅದೂ ಸುಳ್ಳಾಗುತ್ತೆ. ಗೆಳೆತನ ಹೋದರೆ ಹೋಗಲಿ. ತಪ್ಪು ನಿಂದು, ನಂಬರ್ ನೀನೇ ಒತ್ತು."

ಒತ್ತಿದೆ. ನಮಗೆ ಸಂಜೆ ಐದು, ಅವರಿಗಿನ್ನೂ ಬೆಳಗಿನ ಹತ್ತೂವರೆ. ಜಿತೇನ್ ಒಂದೇ ರಿಂಗಿಗೆ ಎತ್ತಿದರು. ಅಸ್ಸಾಮಿ ಮಾತು ನನಗೆ ಬಾರದು, ಆಮೇಲೆ ಅಂಕಲ್ಲೇ ಹಿಂದಿಯಲ್ಲಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಇವರು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಶುರುವಾಗಿತ್ತು: "ಬದುಕಿದ್ದೀಯೇನೋ? ಊರೆಲ್ಲ ಸಿಹಿ ತಿಂತಿದೆ, ನನಗೆ ನಿನ್ನೆಯಿಂದ ತುತ್ತು ಇಳೀತಿಲ್ಲ. ನನ್ನ ಪುಸ್ತಕದಲ್ಲಿ ಬೈಯೋಕೂ ನಿನಗೆ ಏನೂ ಸಿಗಲಿಲ್ವಾ? ಅವಳಂತೂ ಹೋದಳು. ನೀನೂ ಕೈಬಿಟ್ಟೆಯಾ?"

ಅಂಕಲ್ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ನಾಲ್ಕೂ ಹಾಳೆ ನಿಂತೇ ಓದಿದರು, ಒಂದು ಸಾಲೂ ಬಿಡದೆ. ಓದಿ ಮುಗಿದದ್ದೇ ತಡ, ಜಗಳ ಹತ್ತಿಕೊಂಡಿತು ನೋಡಿ! ಬ್ರೆಡ್ಡು ಕೊಳ್ಳಲು ಬಂದ ಈ ದೇಶದ ಹೆಂಗಸೊಬ್ಬಳು ಗಾಬರಿಯಾಗಿ, ಪೊಲೀಸರನ್ನು ಕರೆಯಬೇಕಾ ಅಂತ ಪಿಸುಗುಟ್ಟಿದಳು. ಬೇಡಮ್ಮ, ಇದು ಸಾಹಿತ್ಯ ಅಂದೆ. ಮುಕ್ಕಾಲು ಗಂಟೆಯಾದ ಮೇಲೆ ಅಂಕಲ್ ರಿಸೀವರನ್ನು ಕೆಳಗಿಟ್ಟರು. ಮುಖದಲ್ಲಿ ಹಬ್ಬ.

"ಒಪ್ಪಿದರಾ?" ಅಂತ ಕೇಳಿದೆ.

"ಅವನಾ? ಒಂದು ಮಾತೂ ಒಪ್ಪಲಿಲ್ಲ. ಇನ್ನೂ ಒಂಬತ್ತನೇ ಅಧ್ಯಾಯ ಬಾಕಿ ಇದೆ," ಅಂದರು. "ಹೊಟ್ಟೆ ಹಸೀತಿದೆ, ಒಲೆ ಮೇಲೆ ಅನ್ನಕ್ಕಿಟ್ಟು ಬರ್ತೀನಿ, ಫೋನ್ ಹತ್ತಿರಾನೇ ಇರು ಅಂದಿದ್ದಾನೆ."