ಮೂರನೆಯ ಕರೆ

ಬಹರೈನಿನ ಚಳಿಗಾಲದಲ್ಲಿ ಅಪರೂಪಕ್ಕೊಮ್ಮೆ ಮಂಜು ಇಳಿಯುತ್ತದೆ. ಈ ಬೆಳಿಗ್ಗೆ ಸನದ್ ಬಡಾವಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಒಣಹಾಕಿದ್ದ ಮಗಳ ಸ್ವೆಟರನ್ನು ಎತ್ತಿಕೊಂಡೆ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಂಟು ವರ್ಷದವಳಾಗಿ, ಇಂಗ್ಲೆಂಡಿನ ಹಳ್ಳಿಮನೆಯೊಂದರ ಹಿತ್ತಿಲಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದೆ.

ಅಪ್ಪ ಅಲ್ಲಿ ಮೂರು ವರ್ಷ ಡಾಕ್ಟರಾಗಿದ್ದರು. ಉಡುಪಿಯಲ್ಲಿ ಅಡುಗೆಮನೆಯ ಕಿಟಕಿಯಿಂದಲೇ ನೆರೆಮನೆಯವರೊಡನೆ ಮಾತಾಡಿ ಬೆಳೆದ ಅಮ್ಮನಿಗೆ ಅಲ್ಲಿ ಕಣ್ಣು ಹಾಯಿಸಿದಷ್ಟೂ ಹುಲ್ಲು, ಕುರಿ, ಕಲ್ಲಿನ ಗೋಡೆ. ಎರಡು ಹೊಲಗಳಾಚೆ ಒಂದೇ ಒಂದು ಮನೆ. ಅದರಲ್ಲಿ ವಯಸ್ಸಾದ ಮಿಸೆಸ್ ಹ್ಯಾರಿಸ್ ಒಂಟಿಯಾಗಿ. "ಕೂಗಳತೆಯಲ್ಲಿ ಒಂದು ಮನೆ ಇದ್ದರೆ ಸಾಕು" ಎಂದು ಅಮ್ಮ ತನಗೆ ತಾನೇ ಹೇಳಿಕೊಳ್ಳುತ್ತಿದ್ದರು. ನೀರುದೋಸೆ ಮಾಡಿದ ದಿನ ಹಿತ್ತಿಲಿಂದಲೇ ಅವರನ್ನು ಕೂಗಿ ಕರೆಯುವರು. ಅವರು ಗಂಬೂಟು ಹಾಕಿಕೊಂಡು, ಕೋಟಿನ ಜೇಬಿನಲ್ಲಿ ಎರಡು ಮೊಟ್ಟೆ ಇಟ್ಟುಕೊಂಡು ಮೆಲ್ಲನೆ ಬರುವರು. "ನಿಮ್ಮೂರಲ್ಲಿ ಎಲ್ಲರೂ ಹೀಗೇ ಕಿರುಚುತ್ತಾರಾ, ಲೀಲಾ?" ಎಂದು ಅವರು ಕೆಣಕಿದರೆ, ಅಮ್ಮ ತನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, "ಕಿರುಚುವುದಲ್ಲ, ಕರೆಯುವುದು. ಏನಾದರೂ ಬೇಕಾದರೆ ನೀವೂ ಕರೀರಿ" ಎನ್ನುವರು. ಮಿಸೆಸ್ ಹ್ಯಾರಿಸ್ ನಗುತ್ತಿದ್ದರು, ಅಷ್ಟೇ. ಕೂಗಿ ಕರೆಯುವುದೆಂದರೆ ಅವರಿಗೆ ತೀರಾ ಸಂಕೋಚ.

ಆ ಸಂಜೆ ಮಂಜು ಕಲ್ಲಿನ ಗೋಡೆಯನ್ನೂ ನುಂಗಿತ್ತು. ಅಪ್ಪ ಇನ್ನೂ ಬಂದಿರಲಿಲ್ಲ. ಒಣಗದ ಉಣ್ಣೆಬಟ್ಟೆಗಳನ್ನು ಒಳಗೆ ತರಲು ನಾವಿಬ್ಬರೂ ಹಿತ್ತಿಲಿಗೆ ಹೋಗಿದ್ದೆವು. "ಲೀಲಾ" ಎಂದು ಕೇಳಿತು. ತೆಳ್ಳಗೆ, ಯಾವ ದಿಕ್ಕಿನಿಂದಲೋ. ನಾನು ಓಗೊಡುವಷ್ಟರಲ್ಲಿ ಅಮ್ಮ ನನ್ನ ಬಾಯಿಗೆ ಅಂಗೈ ಒತ್ತಿದರು.

"ಸುಮ್ಮನಿರು ಮಾರಾಯ್ತಿ. ಮುಸ್ಸಂಜೆ ಹೊತ್ತು. ಮೂರನೇ ಸಲ ಕರೆದರೆ ಮಾತ್ರ ಮನುಷ್ಯರು."

"ಮಿಸೆಸ್ ಹ್ಯಾರಿಸ್ ಅಲ್ವಾ ಅಮ್ಮ?" ಬೆರಳ ಸಂದಿಯಿಂದ ಕೇಳಿದೆ.

"ಅವರು ಎಲ್ಲಿ ಕರೀತಾರೆ?"

ಪ್ರೇತಕ್ಕೆ ಮೂರನೇ ಸಲ ಕರೆಯಲಾಗದು ಎಂಬ ನಂಬಿಕೆ ನಿಮ್ಮ ಮನೆಯಲ್ಲೂ ಇದ್ದೀತು. ಇನ್ನೊಮ್ಮೆ ಕೇಳಿತು, ಮೊದಲಿಗಿಂತ ಸಣ್ಣಗೆ. ಅಮ್ಮನ ಅಂಗೈಯಿಂದ ಇಂಗಿನ ವಾಸನೆ ಬರುತ್ತಿತ್ತು. ನಾವು ಕಾದೆವು. ಮಂಜಿನೊಳಗೆ ಒಂದು ಕುರಿ ಕೆಮ್ಮಿತು. ಮೂರನೆಯ ಕರೆ ಬರಲಿಲ್ಲ.

ಮರುದಿನ ಅಂಚೆಯವನು ಮಿಸೆಸ್ ಹ್ಯಾರಿಸರನ್ನು ಅವರ ಹಿಂಬಾಗಿಲ ಮೆಟ್ಟಿಲ ಬಳಿ ಕಂಡ. ಜಾರಿ ಬಿದ್ದು ಸೊಂಟ ಮುರಿದಿತ್ತು; ರಾತ್ರಿಯ ಚಳಿಗೆ ಜೀವ ಹೋಗಿತ್ತು. "ಕೂಗಿದ್ದರೂ ಯಾರಿಗೆ ಕೇಳಬೇಕು ಅಲ್ಲಿಂದ" ಎಂದರು ಅಪ್ಪ. ಅಮ್ಮ ಒಲೆಯ ಕಡೆ ತಿರುಗಿ ನಿಂತರು. ಒಮ್ಮೆ ಕರೆಯಲೂ ನಾಚುವ ಹೆಂಗಸು ಎರಡು ಸಲ ಕರೆದಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನೊಡನೆ ಇಲ್ಲಿಗೆ ಬಂದರು. ಒಂದೊಂದು ಮಹಡಿಗೆ ಆರಾರು ಮನೆ, ಗೋಡೆಯಾಚೆಯ ಆಕಳಿಕೆಯೂ ಕೇಳಿಸುವ ಕಟ್ಟಡ. ದಿನವಿಡೀ ಯಾರೋ ಯಾರನ್ನೋ ಕರೆಯುತ್ತಲೇ ಇರುತ್ತಾರೆ: ಸಮೀರಾ, ಜಾನ್ಸಿ, ಅರೇ ಭಾಯ್. ಅದು ತನ್ನನ್ನಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ಆದರೂ ಮೊದಲ ಕರೆಗೇ ಮಂಡಿ ಹಿಡಿದುಕೊಂಡು ಎದ್ದು, ಬಾಗಿಲು ತೆರೆದು, ಖಾಲಿ ಕಾರಿಡಾರಿಗೆ "ಬಂದೆ, ಬಂದೆ" ಎನ್ನುತ್ತಿದ್ದರು.

ಇಂಗ್ಲಿಷಿನಲ್ಲಿ.